ಬಂತು ಎನ್ನುವವರೆಗೆ

ವಿಜಯಪುರ
ಮರುಬೇಸಗೆಯ ಎರಡನೆಯ ದಿನ, ಇಸವಿ ೨೪೧೨

ನಮ್ಮ ಹಿರಿಯರಾದ ನಿಮಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಗೆ ಉದ್ದವಾಗುತ್ತಲೇ ಹೋದದ್ದರಿಂದ ನಮ್ಮ ಮುತ್ತಜ್ಜಂದಿರು ಉಳಿದ ತಿಂಗಳುಗಳಿಂದ ದಿನಗಳನ್ನು ಕಡ ತಂದು ಮೇ ತಿಂಗಳ ಬೆನ್ನಿಗೆ ಇನ್ನೊಂದು ತಿಂಗಳು ಕೂಡಿಸಿದರು. ಅದೇ ಮರುಬೇಸಗೆ. ನನ್ನ ಕನ್ನಡವೂ ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೀಲಗಂಗಾ ಹಿಟ್ನಳ್ಳಿ, ಇಲ್ಲಿನ ಹೊಳೆಸೀಮೆ ಶಾಸನಸಭೆಯ ಅಧ್ಯಕ್ಷೆ. ನಿಮ್ಮ ಕಾಲದ ಸಭೆಗಳ ಚಿತ್ರಗಳನ್ನು ನಮ್ಮ ಶಾಲೆಗಳಲ್ಲಿ ತೋರಿಸುತ್ತೇವೆ. ಒಬ್ಬರು ಮಾತನಾಡುವಾಗ ಉಳಿದವರು ಮೇಜು ಕುಟ್ಟುವುದು, ಗದ್ದಲದ ನಡುವೆಯೇ ಮಸೂದೆ ಪಾಸಾಗುವುದು, ಸೋತವರು ಕಾಗದ ಹರಿದು ಹೊರನಡೆಯುವುದು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಿಮ್ಮ ಅವಸರ ನನಗೆ ಅರ್ಥವಾಗುತ್ತದೆ, ಮೊನ್ನೆ ನಮಗೂ ಅದೇ ಅವಸರ ಹಿಡಿದಿತ್ತು.

ನಮ್ಮ ಬೀದಿಗಳ ಮೇಲೆ ಮೇಲುಹೊದಿಕೆ ಇರುತ್ತದೆ. ಬಿಸಿಲು ತಡೆಯುವ ದಪ್ಪ ಬಟ್ಟೆ ಅದು. ಬೆಳಿಗ್ಗೆ ರಾಟೆ ತಿರುಗಿಸಿ ಹಾಸುತ್ತಾರೆ, ಸಂಜೆ ಸುತ್ತಿಡುತ್ತಾರೆ. ಸಂತೆ, ಶಾಲೆ, ಮದುವೆ ಎಲ್ಲ ಅದರಡಿಯೇ. ಸಭೆ ನಸುಕಿನಲ್ಲಿ ಸೇರುತ್ತದೆ, ಬಿಸಿಲೇರಿದಾಗ ಎರಡೂ ಪಕ್ಷದವರು ಒಂದೇ ಸಾಲಿನಲ್ಲಿ ಕೂತು ಸಜ್ಜೆ ರೊಟ್ಟಿ, ಝುಣಕ ತಿನ್ನುತ್ತಾರೆ. ಈ ಸಭೆಗೆ ಒಂದು ಪದ್ಧತಿಯಿತ್ತು. ಮತಕ್ಕೆ ಹಾಕುವ ಮೊದಲು ಬಹುಮತದವರಲ್ಲಿ ಒಬ್ಬರು ಎದ್ದು, ಅಲ್ಪಮತದವರ ವಾದವನ್ನು ತಮ್ಮ ಬಾಯಿಂದಲೇ ಹೇಳಿ, "ಬಂತೇನ್ರಿ?" ಎಂದು ಕೇಳಬೇಕು. ತಮ್ಮ ಮಾತು ಸರಿಯಾಗಿ ಬಂದಿದ್ದರೆ ಅವರು "ಬಂತು" ಎನ್ನುತ್ತಾರೆ. ಅಲ್ಲಿಯವರೆಗೆ ಮತವಿಲ್ಲ. ಬೇಕೆಂದೇ "ಬಂದಿಲ್ಲ" ಎಂದು ಸತಾಯಿಸಿದರೆ ಏನು ಮಾಡಬೇಕೆಂದು ಎಲ್ಲೂ ಬರೆದಿರಲಿಲ್ಲ. ಯಾರೂ ಹಾಗೆ ಮಾಡಿರಲೂ ಇಲ್ಲ.

ಈ ಸಲ ಹೊಸ ಆಸ್ಪತ್ರೆಗೆ ಮೇಲುಹೊದಿಕೆ ಸಾಲದೆ, ಕೆಳದಂಡೆ ಓಣಿಯದನ್ನು ಒಯ್ಯುವ ಮಸೂದೆ ತಂದೆವು. ಕೆಳದಂಡೆಯವರು ಸಭೆಯಲ್ಲಿರುವುದು ಮೂವರು, ಅವರ ಮುಖಂಡ ಯಮನಪ್ಪ ಗಲಗಲಿ. ಮತ ಹಾಕದ ಅಧ್ಯಕ್ಷೆ ನನ್ನನ್ನು ಬಿಟ್ಟು ನಾವು ನಲವತ್ತೊಂದು. ಅವರ ಮಾತು ನಮ್ಮವರ ಬಾಯಲ್ಲಿ ಸರಿಯಾಗಿ ಬಂದು ಮಸೂದೆ ಪಾಸಾಗಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಆಸ್ಪತ್ರೆಯ ಅಂಗಳದಲ್ಲಿ ರೋಗಿಗಳು ಬಿಸಿಲಿಗೆ ಬಸವಳಿದು ಬಿದ್ದರು. ನಮ್ಮ ಮುಖಂಡ ಈರಭದ್ರಪ್ಪ ಸವದಿ ಕೆರಳಿದರು. ಪದ್ಧತಿಯನ್ನೇ ತೆಗೆದುಹಾಕುವ ಮಸೂದೆ ತಂದರು. ಅವರನ್ನು ಕೆಟ್ಟವರೆನ್ನಲಾರೆ, ಆ ರೋಗಿಗಳನ್ನು ನಾನೂ ನೋಡಿದ್ದೆ.

ಆದರೆ ಪದ್ಧತಿ ತೆಗೆಯುವ ಮಸೂದೆಗೂ ಅದೇ ಪದ್ಧತಿ ಬೇಕಲ್ಲ! ಈರಭದ್ರಪ್ಪ ಎದ್ದು ನಿಂತರು.

"ನೀವು ಮೂರ ಮಂದಿ. ಇದೊಂದ ನಿಮ್ಮ ಕೈಯಾಗಿನ ಬಲ. ಇದೂ ಹೋದ್ರ ನಿಮ್ಮನ್ನ ಯಾರೂ ಕೇಳಂಗಿಲ್ಲ ಅಂತ ಅಂಜಿಕಿ. ಬಂತೇನ್ರಿ?"

"ಇನ್ನೂ ಬಂದಿಲ್ರಿ, ಈರಭದ್ರಪ್ಪಾರ," ಎಂದರು ಯಮನಪ್ಪ. "ನಮ್ಮ ಬಲದ ಮಾತಲ್ಲ ಇದು."

ನಮ್ಮವರು ಗೊಣಗಿದರು. ಈರಭದ್ರಪ್ಪ ಕೂರಲಿಲ್ಲ. ಯಮನಪ್ಪನವರ ಮುಖವನ್ನೇ ನೋಡುತ್ತ ನಿಂತರು. ಮತ್ತೆ ಬಾಯಿ ತೆರೆದಾಗ ದನಿ ಇಳಿದಿತ್ತು.

"ಸೋಲಾಕ ನೀವು ಅಂಜಂಗಿಲ್ಲ. ದಿನಾ ಸೋಲ್ತೀರಿ. ಆದ್ರ ಸೋತು ಓಣಿಗೆ ಹೋದಾಗ, 'ನಮ್ಮ ಮಾತು ಕೇಳಿದ್ರು, ಕೇಳಿ ಬ್ಯಾಡ ಅಂದ್ರು' ಅಂತ ನಿಮ್ಮ ಮಂದಿಗೆ ಹೇಳಾಕ ಬರಬೇಕು. ಆಗ ಕಾಯ್ದೆ ಅವರಿಗೂ ತಮ್ಮದು ಅನಸ್ತೈತಿ. ಇಲ್ಲಂದ್ರ ಅದು ಬ್ಯಾರೇದವರು ಹೇರಿದ್ದು. ಬಂತೇನ್ರಿ?"

ಎಲ್ಲರೂ ಯಮನಪ್ಪನವರತ್ತ ತಿರುಗಿದರು. ಇಲ್ಲ ಎಂದರೆ ಸಾಕು, ಪದ್ಧತಿ ಉಳಿಯುತ್ತದೆ. ಪಕ್ಕದಲ್ಲಿದ್ದವರು ಯಮನಪ್ಪನವರ ಶಲ್ಯ ಜಗ್ಗಿದರು. ಇಲ್ಲ ಎನ್ನಲಿ ಎಂದು ಅಧ್ಯಕ್ಷೆಯಾದ ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ.

"ಬಂತ್ರಿ," ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. "ಪೂರಾ ಬಂತು. ಬಂದದ್ದನ್ನ ಬಂದಿಲ್ಲ ಅಂತ ಹ್ಯಾಂಗ ಅನ್ಲಿ?"

ಮತಕ್ಕೆ ಹಾಕಿದೆ. ನಲವತ್ತೊಂದು ಕೈ ಎದ್ದವು, ಈರಭದ್ರಪ್ಪನವರದೂ ಎದ್ದಿತು. ಪದ್ಧತಿ ಮುಗಿಯಿತು. ಯಮನಪ್ಪ ಹೊರನಡೆಯಲಿಲ್ಲ, ಎಂದಿನ ಸಾಲಿನಲ್ಲಿ ಕೂತು ರೊಟ್ಟಿ ಮುರಿದರು. ಈರಭದ್ರಪ್ಪ ಅವರ ಪಕ್ಕದಲ್ಲೇ ಕೂತರು, ಆದರೆ ರೊಟ್ಟಿ ಮುಟ್ಟಲಿಲ್ಲ.

ಮರುದಿನ ದೋಣಿ ಕಟ್ಟೆಯ ಒಂದು ಸಣ್ಣ ಮಸೂದೆ. ಇನ್ನು ತಡೆಯುವವರು ಯಾರಿದ್ದಾರೆಂದು ನಾನು ಮತಕ್ಕೆ ಹಾಕಲು ಬಾಯಿ ತೆರೆದಿದ್ದೆ. ಈರಭದ್ರಪ್ಪ ಎದ್ದರು. ಯಾವ ನಿಯಮವೂ ಅವರನ್ನು ಎಬ್ಬಿಸಿರಲಿಲ್ಲ. ಎದುರಿನ ಬೆಂಚಿನತ್ತ ತಿರುಗಿ ಕೆಳದಂಡೆಯವರ ವಾದವನ್ನು ತಮಗೆ ತಿಳಿದಷ್ಟು ಹೇಳಿ, ಸ್ವಲ್ಪ ನಾಚಿಕೊಂಡೇ ಕೇಳಿದರು, "ಬಂತೇನ್ರಿ?"

ಹಿರಿಯರೇ, ನಿಮ್ಮಲ್ಲಿ ಇಂಥ ನಿಯಮವಿಲ್ಲವೆಂದು ಬಲ್ಲೆ. ಈಗ ನಮ್ಮಲ್ಲೂ ಇಲ್ಲ. ಆದ್ದರಿಂದಲೇ ಕೇಳುವ ಧೈರ್ಯ ಮಾಡುತ್ತಿದ್ದೇನೆ. ಗೆಲುವು ನಿಮ್ಮದೇ ಎಂದು ಖಾತ್ರಿಯಿರುವ ದಿನ, ಮೇಜು ಕುಟ್ಟುವ ಮೊದಲು, ಒಮ್ಮೆ ಅತ್ತ ತಿರುಗಿ ಕೇಳಿ.

ಅಂದು ಯಮನಪ್ಪ ತಲೆ ಅಲ್ಲಾಡಿಸಿ, "ಅರ್ಧಾ ಬಂದೈತ್ರಿ," ಎಂದರು. ಈರಭದ್ರಪ್ಪ ನೀರು ಕುಡಿದು ಮತ್ತೆ ಮೊದಲಿನಿಂದ ಶುರುಮಾಡಿದರು.

ನಿಮ್ಮ ಮರಿಮೊಮ್ಮಗಳು,
ನೀಲಗಂಗಾ