ಅಟ್ಟಕ್ಕೇ ನಿಂತ ಹೊಗೆಕೊಳವೆ

ಹೋಟೆಲುಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನೀವು ‘ಹೊಗೆ ಹೊರಹೋಗುವ ವ್ಯವಸ್ಥೆ ತೃಪ್ತಿಕರ’ ಎಂದು ಸಹಿ ಹಾಕಿದ ಅಡುಗೆಮನೆಯಲ್ಲಿ ಹೋದ ತಿಂಗಳು ಚೆಲುವಮ್ಮ ಎಂಬ ಹೆಣ್ಣುಮಗಳು ಸತ್ತಳು. ಆ ವ್ಯವಸ್ಥೆ ಮಾಡಿದವನು ನಾನು, ದೇವರಾಜ ಮೊಹಲ್ಲಾದಲ್ಲಿ ಮೂವತ್ತು ವರ್ಷದಿಂದ ತಗಡಿನ ಕೆಲಸ ಮಾಡುವವನು.

ಎರಡು ವರ್ಷದ ಹಿಂದೆ ಸರಸ್ವತಿಪುರಂನ ಆ ಹೋಟೆಲಿನ ಮಾಲೀಕರು ನನ್ನನ್ನು ಕರೆಸಿದರು. ಒಲೆಗಳ ಮೇಲೆ ತಗಡಿನ ಗೂಡು, ಅದಕ್ಕೆ ಎಣ್ಣೆಜಿಡ್ಡು ಹಿಡಿಯುವ ಜಾಲರಿ, ಅಲ್ಲಿಂದ ತಾರಸಿಯ ಮೇಲಕ್ಕೆ ಕೊಳವೆ, ಹೊಗೆ ಎಳೆಯಲು ಫ್ಯಾನು, ಹೊಸ ಗಾಳಿ ಬರಲು ಗೋಡೆಯಲ್ಲೊಂದು ಕಿಂಡಿ ಬೇಕೆಂದೆ. “ಮೇಲೆ ಲಾಡ್ಜ್ ರೂಮುಗಳಿವೆ ಕಣ್ರೀ, ಕೊಳವೆ ಅಟ್ಟದವರೆಗೆ ಸಾಕು. ಸಾಹೇಬ್ರು ತಲೆ ಎತ್ತಿ ನೋಡೋರಲ್ಲ,” ಎಂದರು. ತೊಳೆಯುವವರಿಲ್ಲವೆಂದು ಜಾಲರಿಯನ್ನೂ, ದುಬಾರಿಯೆಂದು ಫ್ಯಾನು, ಕಿಂಡಿಗಳನ್ನೂ ಬಿಡಿಸಿದರು. ನಾನು ಒಪ್ಪಿಕೊಂಡೆ.

ಚೆಲುವಮ್ಮ ಅಲ್ಲಿ ವಡೆ ಕರಿಯುತ್ತಿದ್ದಳು. ಇಲವಾಲದಿಂದ ಮೊದಲ ಬಸ್ಸಿಗೆ ಬರುವವಳು. ನಾನು ಹೊರಡುವಾಗ ಕೇಳಿದಳು: “ಇನ್ಮೇಲೆ ಕಣ್ಣುರಿ ಇರಕಿಲ್ವಾ ಅಣ್ಣಾ?”

“ಇರಲ್ಲ ಕಣಮ್ಮ,” ಎಂದೆ. ಖುಷಿಯಿಂದ ಎರಡು ಬಿಸಿ ವಡೆ ಕೊಟ್ಟಳು. ತಿಂದೆ.

ಆಮೇಲೆ ತಾವು ದಯಮಾಡಿಸಿದಿರಿ. ಮುಂದಿನ ಕೋಣೆಯಲ್ಲಿ ಕಾಫಿ ಕುಡಿದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಹೊಳೆಯುವ ತಗಡನ್ನು ಕಂಡು ಸಂತುಷ್ಟರಾದಿರಿ. ತಾರಸಿಗೆ ಹೋಗಿದ್ದರೆ ಅಲ್ಲಿ ಕೊಳವೆಯೇ ಇಲ್ಲವೆಂದು ತಿಳಿಯುತ್ತಿತ್ತು. ಕಾನೂನು ಮೆಟ್ಟಿಲು ಹತ್ತಬಾರದೆಂದು ಆದೇಶವೇನಾದರೂ ಇದೆಯೇ?

ಎರಡು ವರ್ಷ ಜಿಡ್ಡು ಅಟ್ಟದಲ್ಲಿ ಕೂತಿತು. ಒಂದು ಬೆಳಿಗ್ಗೆ ಬಾಣಲೆಯ ಉರಿ ಕೊಳವೆಗೆ ಹಾರಿ ಅಟ್ಟ ಹೊತ್ತಿಕೊಂಡಿತು. ಎಲ್ಲರೂ ಹೊರಗೋಡಿದರು. ಗ್ಯಾಸ್ ಆರಿಸಲು ಹಿಂತಿರುಗಿದ ಚೆಲುವಮ್ಮನಿಗೆ ಹೊಗೆಯಲ್ಲಿ ಬಾಗಿಲು ಸಿಗಲಿಲ್ಲ.

ಇಲವಾಲಕ್ಕೆ ಹೋಗಿ ಅವಳ ಗಂಡ ಸಣ್ಣಮಾದಯ್ಯನ ಮುಂದೆ ಎಲ್ಲ ಒಪ್ಪಿಕೊಂಡೆ. ಅವನು ಬೈಯಲಿಲ್ಲ. “ಹೊಸ್ದಲ್ವಾ, ಹೊಗೆ ಎಳ್ಕೊಳಾಕೆ ಇನ್ನೊಸಿ ದಿನ ಬೇಕು ಅಂತಿದ್ಲು ಸ್ವಾಮಿ. ಕೆಮ್ತಾ ಕೆಮ್ತಾನೇ ಅಂತಿದ್ಲು,” ಎಂದ. ಕುಡಿಯಲು ನೀರು ಕೊಟ್ಟ.

ಅಂದಿನಿಂದ ತಗಡಿಗೆ ಕತ್ತರಿ ಇಟ್ಟರೆ ಬೆನ್ನ ಹಿಂದೆ ಯಾರೋ ಕೆಮ್ಮುತ್ತಾರೆ. ತಿರುಗಿದರೆ ಅಂಗಡಿ ಖಾಲಿ. ನಿಮ್ಮ ಕಚೇರಿಯಲ್ಲಿ ಕೇಳಿಸುವುದಿಲ್ಲವೇ?

ನಿಮ್ಮ ವರದಿಯಲ್ಲಿ ‘ಕೆಲಸದಾಕೆಯ ಅಜಾಗರೂಕತೆ’ ಎಂದಿದೆ. ಅದನ್ನು ಹೊಡೆದುಹಾಕಿ ಮಾಲೀಕರ, ನಿಮ್ಮ, ನನ್ನ ಹೆಸರು ಬರೆಯಿರಿ. ಇಂಥದೇ ಕೊಳವೆಗಳನ್ನು ಊರಿನಲ್ಲಿ ಇನ್ನೂ ನಾಲ್ಕು ಕಡೆ ಕೂರಿಸಿದ್ದೇನೆ. ನಾಲ್ಕಕ್ಕೂ ನಿಮ್ಮ ಸಹಿಯಿದೆ. ವಿಳಾಸ ಲಗತ್ತಿಸಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ಅಲ್ಲೆಲ್ಲ ಎಣ್ಣೆ ಕಾಯುತ್ತಿರುತ್ತದೆ. ಇವತ್ತೇ ಬನ್ನಿ. ಏಣಿ ನಾನು ತರುತ್ತೇನೆ.

ಇಂತಿ,
ಈ ಸಾವಿನಲ್ಲಿ ನಿಮ್ಮ ಪಾಲುದಾರ,
ವೃಷಭೇಂದ್ರಪ್ಪ
ಮೈಸೂರು, ಅಕ್ಟೋಬರ್ 2004