ಮಹಾನಂದಾಳ ಗೂಡು ಏಳದ ನೆಲ

ಕೊಪ್ಪಳದ ಗುಡ್ಡ, ಫೆಬ್ರವರಿ ೩೧, ೨೧೯೩

ಯಾವ ಲಿನಕ್ಸ್ ಹಾಕಲಿ ಎಂದು ಸರ್ವರ್ ಮುಂದೆ ಕುಳಿತು ಯೋಚಿಸುತ್ತಿರುವ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಫೆಬ್ರವರಿಗೆ ಮೂರು ದಿನ ಕೂಡಿಸಿಕೊಂಡಿದ್ದೇವೆ. ಏಕೆಂಬುದು ದೊಡ್ಡ ಕಥೆ, ಈಗ ಬೇಡ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನಲ್ಲಿ ಎರಡು ವರ್ಷ ನಿಮ್ಮ ಕಾಲದ ಇಂಗ್ಲಿಷ್ ಓದಿದ್ದೆ. ಉಳಿದಿರುವುದು ‘ವಿತ್ ಡ್ಯೂ ರೆಸ್ಪೆಕ್ಟ್’, ಮತ್ತೆ ‘ಲಾಂಗ್ ಟರ್ಮ್ ಸಪೋರ್ಟ್’. ಎರಡನೆಯದು ತಂತ್ರಾಂಶಕ್ಕೆ ಬಹುಕಾಲ ರಿಪೇರಿ ಸಿಗುವ ಭರವಸೆಯಂತೆ; ನಾನು ಅದನ್ನು ನಿಮ್ಮ ಮದುವೆಗಳಲ್ಲಿ ಹೇಳುವ ಮಾತೆಂದು ತಿಳಿದಿದ್ದೆ. ನನ್ನ ಹೆಂಡತಿ ಮಹಾನಂದಾ ಅದನ್ನು ಕೇಳಿ ಅರ್ಧ ದಿನ ನಕ್ಕಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು.

ಯಂತ್ರಕ್ಕೆ ತಳಪಾಯವಾಗಿ ಹಾಕುವ, ನೀವು ಡಿಸ್ಟ್ರಿಬ್ಯೂಷನ್ ಎನ್ನುವ ತಂತ್ರಾಂಶವನ್ನು ನಾವು ನೆಲ ಎನ್ನುತ್ತೇವೆ; ಅದರ ಮೇಲೆ ಒಂದೊಂದು ಕೆಲಸಕ್ಕೆ ಬೇರೆಯಾಗಿ ಕಟ್ಟುವ ಕಂಟೇನರನ್ನು ಗೂಡು ಎನ್ನುತ್ತೇವೆ. ಗುಡ್ಡದ ಹೊಟ್ಟೆಯಲ್ಲಿ, ತಂಪಾದ ಕಲ್ಲಿನ ಕೋಣೆಯಲ್ಲಿ, ಊರಿಗೆಲ್ಲ ಸೇರಿದ ಒಂದೇ ಯಂತ್ರವಿದೆ. ಅದರ ಮೇಲೆ ಇನ್ನೂರ ಹನ್ನೆರಡು ಗೂಡುಗಳು: ನೀರಿನ ಸರದಿಯದು, ಶಾಲೆಯದು, ಆಸ್ಪತ್ರೆಯದು, ಜೋಳದ ಬೀಜದ ಮನೆಯದು. ಪ್ರತಿ ಗೂಡೂ ತಾನೇ ಒಂದು ಪೂರ್ತಿ ಯಂತ್ರವೆಂದು ನಂಬಿರುತ್ತದೆ. ಆದರೆ ಎಲ್ಲಕ್ಕೂ ಕೆಳಗಿದ್ದು ಯಂತ್ರವನ್ನು ನಡೆಸುವ ತಿರುಳು, ಕರ್ನಲ್, ಒಂದೇ, ನೆಲದ್ದು. ಆದ್ದರಿಂದ ನೆಲ ಬದಲಾದರೆ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಸೇರಿ ನೆಲ ಆರಿಸಿದೆವು. ನಾನು ವೇಗದ್ದು ಬೇಕೆಂದೆ. ಅವಳು, ‘ಹೊಸಾದು ಅಂತ ಕುಣೀಬ್ಯಾಡ್ರಿ. ಹತ್ತು ವರ್ಷದ ಮ್ಯಾಲೆ ಇದು ಕೆಟ್ರ ಯಾರು ರಿಪೇರಿ ಮಾಡ್ತಾರ, ಅವರ ಹೆಸರು ಹೇಳ್ರಿ’ ಎಂದಳು. ಅವಳು ಆರಿಸಿದ ನೆಲ ಮೂವತ್ತೊಂದು ವರ್ಷ ಬಾಳಿತು.

ಒಂದು ಗೂಡನ್ನು ಅವಳು ತನಗಾಗಿ ಕಟ್ಟಿಕೊಂಡಿದ್ದಳು. ಅದು ಬೆಳಿಗ್ಗೆ ಆರಕ್ಕೆ ಉಳಿದೆಲ್ಲ ಗೂಡುಗಳನ್ನು ತಟ್ಟಿ ನೋಡಿ, ಅವಳ ಧ್ವನಿಯ ತುಣುಕುಗಳನ್ನು ಜೋಡಿಸಿ ಅಂದಿನ ಸುದ್ದಿ ಹೇಳುತ್ತಿತ್ತು. ‘ಏಳ್ರೀ. ಊರಿನ ಗೂಡೆಲ್ಲಾ ಎದ್ದಾವ, ನೀವೊಬ್ಬರ ಮಲಗೀರಿ.’ ನಾಲ್ಕು ವರ್ಷದಿಂದ ನಾನು ಐದೂವರೆಗೇ ಎದ್ದು ಚಹಾ ಮಾಡಿಕೊಂಡು, ಮತ್ತೆ ಹಾಸಿಗೆಯಲ್ಲಿ ಮಲಗಿ ಅದಕ್ಕಾಗಿ ಕಾಯುತ್ತಿದ್ದೆ.

ಹೋದ ತಿಂಗಳು ಆಸ್ಪತ್ರೆ ನೋಡಿಕೊಳ್ಳುವ ಹುಸೇನಬಿ ಬಂದಳು. ‘ಕಾಕಾ, ಈ ನೆಲದ ತೂತು ಮುಚ್ಚೋ ತೇಪೆ ಬರೋದು ನಿಂತೈತಿ. ನನ್ನ ಗೂಡಿನ್ಯಾಗ ಮಂದಿ ರೋಗದ ಕಾಗದ ಅದಾವ. ಯಾರರ ಒಳಗ ಹೊಕ್ಕರ ನೀವು ಉತ್ತರಾ ಹೇಳ್ತೀರೇನು?’ ಎಂದಳು. ಅವಳು ಹೇಳಿದ್ದು ಸರಿ. ಹೊಸ ನೆಲವನ್ನು ಪಕ್ಕದಲ್ಲಿ ಪರೀಕ್ಷಿಸಿದೆ. ಇನ್ನೂರ ಹನ್ನೊಂದು ಗೂಡು ಎದ್ದವು, ಮಹಾನಂದಾಳದು ಏಳಲಿಲ್ಲ. ಗೂಡುಗಳಿಗೆ ಮೆಮೊರಿ ಪಾಲು ಹಾಕುವ ಹಳೆಯ ಪದ್ಧತಿಯನ್ನು ಹೊಸ ಕರ್ನಲ್ ಕೈಬಿಟ್ಟಿದೆ. ಅವಳ ಗೂಡು ಇನ್ನೂ ಅದನ್ನೇ ಕೇಳುತ್ತದೆ.

ಮತ್ತೆ ಕಟ್ಟಬಹುದಲ್ಲ ಎನ್ನುತ್ತೀರಿ. ತಪ್ಪಾದದ್ದು ಅಲ್ಲೇ. ಅವಳು ಗೂಡಿನ ಒಳಗೇ ಹೋಗಿ, ಇವತ್ತು ಒಂದು ಸಾಲು, ನಾಳೆ ಒಂದು ಸಾಲು, ಕೈಯಿಂದಲೇ ತಿದ್ದುತ್ತಿದ್ದಳು. ಅವಳು ಏನು ಮಾಡಿದಳು ಎಂಬುದನ್ನು ಹೊರಗೆ ಬರೆದಿಡುವ ಕೆಲಸ ನನ್ನದಾಗಿತ್ತು. ‘ನಾನು ಹೇಳ್ತಾ ಹೋಗ್ತೀನಿ, ಬರಕೊಳ್ರಿ’ ಎಂದು ಎಷ್ಟು ಸಲ ಕರೆದಳೋ. ನಾಳೆ ಎನ್ನುತ್ತಿದ್ದೆ. ಧ್ವನಿಯನ್ನು ಬೇರೆ ತೆಗೆದಿಟ್ಟಿದ್ದೇನೆ, ನಿಜ. ಆದರೆ ಅದು ಫೋಟೋ ಇದ್ದ ಹಾಗೆ. ಇವತ್ತು ಏನಾಯಿತೆಂದು ಅದಕ್ಕೆ ಗೊತ್ತಿರುವುದಿಲ್ಲ. ಅವಳ ಗೂಡೊಂದಕ್ಕಾಗಿ ಹಳೆಯ ನೆಲದ ಸಮೇತ ಇನ್ನೊಂದು ಯಂತ್ರವನ್ನು ಒಳಗೆ ಸಾಕುವಷ್ಟು ಜಾಗ ನಮ್ಮ ಯಂತ್ರದಲ್ಲಿಲ್ಲ. ಹುಸೇನಬಿಗೆ ವಾರ, ಇನ್ನೊಂದು ವಾರ ಎಂದು ಹೇಳುತ್ತಾ ಬಂದೆ.

ಇವತ್ತು ಬೆಳಿಗ್ಗೆ ಆರಕ್ಕೆ ಮಹಾನಂದಾ ಹೇಳಿದಳು: ‘ಆಸ್ಪತ್ರಿ ಗೂಡಿನ ಕದಾ ಯಾರೋ ಬಡಿಯಾಕತ್ತಾರ. ಸುಮ್ನ ಕುಂದ್ರಬ್ಯಾಡ್ರಿ.’

ಚಹಾ ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ. ಮಧ್ಯಾಹ್ನದೊಳಗೆ ಹೊಸ ನೆಲ ಹಾಕಿ ಮುಗಿಸಿದೆ. ಹುಸೇನಬಿ ಪಕ್ಕದಲ್ಲೇ ನಿಂತು ಎದ್ದ ಗೂಡುಗಳನ್ನು ಎಣಿಸಿದಳು: ಇನ್ನೂರ ಹನ್ನೊಂದು.

ವಿತ್ ಡ್ಯೂ ರೆಸ್ಪೆಕ್ಟ್, ನಿಮ್ಮಲ್ಲಿ ಒಂದು ಬೇಡಿಕೆ. ನೆಲ ಆರಿಸುವಾಗ ವೇಗ ಆಮೇಲೆ ನೋಡಿ. ಎಷ್ಟು ವರ್ಷ ತೇಪೆ ಬರುತ್ತದೆ, ಯಾರು ಹಾಕುತ್ತಾರೆ ಎಂಬುದನ್ನು ಮೊದಲು ನೋಡಿ. ಎಷ್ಟೇ ಒಳ್ಳೆಯ ನೆಲವಾದರೂ ಒಂದು ದಿನ ಬಿಡಬೇಕಾಗುತ್ತದೆ. ಅದಕ್ಕೇ, ಗೂಡು ಕಟ್ಟುವವರು ಹೇಳುತ್ತಿರುವಾಗಲೇ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ.

ನಾಳೆಯಿಂದ ಗೂಡುಗಳನ್ನು ನಾನೇ ತಟ್ಟಿ ನೋಡಬೇಕು. ನೋಡಿ, ಹೇಗಿವೆ ಎಂದು ಆ ಕಲ್ಲಿನ ಕೋಣೆಯಲ್ಲಿ ಜೋರಾಗಿಯೇ ಹೇಳುತ್ತೇನೆ. ಮಹಾನಂದಾಳಿಗೆ ವರದಿ ತಡವಾದರೆ ಆಗುತ್ತಿರಲಿಲ್ಲ.

ನಿಮ್ಮವ,
ವೀರಭದ್ರಪ್ಪ