ಶಿಫಾರಸಿಲ್ಲದ ಅರ್ಜಿ

ಅಪ್ಪನಿಗೆ ನಮಸ್ಕಾರ.

ನಮ್ಮ ಬೀದಿಗೆ ಮೂರು ಬ್ಯಾಂಕು ಬಂದರೂ ಸಾಲ ಸಿಗುವುದು ಮಹಡಿ ಮೇಲೆ ಮಹಡಿ ಕಟ್ಟಿದವರಿಗೇ ಎನ್ನುತ್ತಿದ್ದಿರಿ. ನಾನು ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಹೋದಾಗಲೂ ಗುಮಾಸ್ತ, "ದೊಡ್ಡೋರ ಕೈಲಿ ಒಂದು ಮಾತು ಹೇಳಿಸಮ್ಮ" ಅಂದ. ಗೋಡೆಗೆ ಅಂಟಿಸಿದ್ದ ಹೊಸ ನಿಯಮಗಳನ್ನು ನಿಂತು ಓದಿದೆ. ಶಿಫಾರಸಿನ ಮಾತು ಎಲ್ಲೂ ಇರಲಿಲ್ಲ.

"ಸಾಲ ಕೊಡಲ್ಲ ಅಂತ ಬರೆದು ಸಹಿ ಹಾಕಿ ಕೊಡಿ ಸಾರ್" ಅಂದೆ.

ಹೊಸದಾಗಿ ಬಂದಿರುವ ಮ್ಯಾನೇಜರಮ್ಮ ಒಳಗಿನಿಂದ ಎದ್ದು ಬಂದರು. ಅರ್ಜಿ ಓದಿ, "ಎಲ್ಲ ಸರಿಯಾಗಿದೆಯಲ್ಲ, ತಗೊಳ್ರಿ" ಎಂದು ಗುಮಾಸ್ತನಿಗೆ ಹೇಳಿದರು. ಹನ್ನೆರಡನೇ ದಿನಕ್ಕೆ ಸಾಲ ಮಂಜೂರಾಯಿತು.

ಬಟ್ಟೆ ಕತ್ತರಿಸಲು ಆರಡಿ ಉದ್ದದ ಮೇಜು ಬೇಕು. ಅದನ್ನು ನೀವೇ ಮಾಡಬೇಕು. ಬೇರೆ ಬಡಗಿಗೆ ಕೊಡುವಷ್ಟೇ ಕೂಲಿಯನ್ನು ನಿಮಗೂ ಪೂರ್ತಿ ಕೊಡುತ್ತೇನೆ, ಮಗಳೆಂದು ಬೇಡ ಅನ್ನಬೇಡಿ.

ನಿನ್ನೆ ನನ್ನ ಜೊತೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಐದು ಜನ ಹೆಂಗಸರು ಮನೆಗೆ ಬಂದಿದ್ದರು. "ಅಕ್ಕಾ, ನಾವು ಯಾರ ಕಾಲು ಹಿಡೀಬೇಕು?" ಎಂದು ಕೇಳಿದರು.

"ಯಾರ ಕಾಲೂ ಬೇಡ. ಬ್ಯಾಂಕಿಗೆ ಹೋಗಿ ಸರದೀಲಿ ನಿಮ್ಮ ಕಾಲ ಮೇಲೆ ನಿಂತ್ಕೊಳ್ಳಿ" ಅಂದೆ. ಐವರ ಅರ್ಜಿಯನ್ನೂ ನಾನೇ ತುಂಬಿಕೊಟ್ಟೆ.

ನಿಮ್ಮ ಹಿರಿಮಗಳು